ಹತ್ತಿ ಹೊಲದ ಪಕ್ಕದಲ್ಲೇ ಗಿರಣಿ ಏಕೆ ಏಳಲಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಹತ್ತಿ ಬೆಳೆದದ್ದು ದಕ್ಷಿಣದ ರಾಜ್ಯಗಳಲ್ಲಿ. ಬಟ್ಟೆ ಗಿರಣಿಗಳು ಎದ್ದದ್ದು ಮಾತ್ರ ಸಾವಿರ ಮೈಲಿ ಆಚೆ, ರೋಡ್ ಐಲೆಂಡ್, ಮ್ಯಾಸಚೂಸೆಟ್ಸ್ ಕಡೆ. ಹೊಲದ ಪಕ್ಕದಲ್ಲೇ ಗಿರಣಿ ಹಾಕಿದ್ದರೆ ಸಾಗಣೆ ಖರ್ಚಾದರೂ ಉಳಿಯುತ್ತಿರಲಿಲ್ಲವೇ? ದಕ್ಷಿಣದ ಹವೆ ಗಿರಣಿಗೆ ಒಗ್ಗದು ಎಂದು ಒಂದು ಕಡೆ ಓದಿದೆ, ಗುಲಾಮರಿಗೆ ಯಂತ್ರ ನಡೆಸಲು ಬರುತ್ತಿರಲಿಲ್ಲ ಎಂದು ಇನ್ನೊಂದು ಕಡೆ. ಯಾವುದು ಸರಿ? ಧಾರವಾಡ ಸೀಮೆಯ ‘ವಿಲಾಯತಿ ಹತ್ತಿ’ಗೂ ಈ ಕಥೆಗೂ ನಂಟಿದೆ ಎನ್ನುತ್ತಾರೆ, ನಿಜವೇ?

ಉತ್ತರ: ನೀವು ಓದಿದ ಎರಡು ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಮೊದಲು ಹವೆಯನ್ನೇ ತೆಗೆದುಕೊಳ್ಳಿ. ಹತ್ತಿ ನೂಲಿಗೆ ಬೇಕಾದದ್ದೇ ತೇವದ ಗಾಳಿ. ಗಾಳಿ ಒಣಗಿದರೆ ಎಳೆ ಪೆಡಸಾಗಿ ಪಟಪಟನೆ ತುಂಡಾಗುತ್ತದೆ. ಮ್ಯಾಸಚೂಸೆಟ್ಸಿನ ಗಿರಣಿಗಳಲ್ಲಿ ಬೇಸಿಗೆಯಲ್ಲೂ ಕಿಟಕಿ ಮುಚ್ಚಿ, ಮಗ್ಗದ ಕೋಣೆಗೆ ಹಬೆ ಬಿಡುತ್ತಿದ್ದದ್ದು ಇದೇ ಕಾರಣಕ್ಕೆ. ದಕ್ಷಿಣದಲ್ಲಿ ಆ ತೇವ ಪುಕ್ಕಟೆಯಾಗಿ ಸಿಗುತ್ತಿತ್ತು. ಇನ್ನು ಗುಲಾಮರ ಮಾತು. ದಕ್ಷಿಣ ಕೆರೊಲೈನಾದ ಕೊಲಂಬಿಯಾ ಬಳಿಯ ಸಲೂಡಾ ಗಿರಣಿಯಲ್ಲಿ ನೂತವರೂ ನೇಯ್ದವರೂ ಗುಲಾಮರೇ. ವರ್ಜೀನಿಯಾದ ರಿಚ್ಮಂಡಿನ ಟ್ರೆಡಿಗರ್ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಮುಂದಿನ ನುರಿತ ಕೆಲಸಕ್ಕೆ ಗುಲಾಮರನ್ನು ತಯಾರು ಮಾಡಿದಾಗ, 1847ರಲ್ಲಿ ಬಿಳಿಯ ಕೆಲಸಗಾರರು ಕೆಲಸ ನಿಲ್ಲಿಸಿದರು. ಕಾರ್ಖಾನೆ ನಡೆಸುತ್ತಿದ್ದ ಜೋಸೆಫ್ ಆಂಡರ್ಸನ್ ಅವರನ್ನೇ ಹೊರಗೆ ಹಾಕಿ ಗುಲಾಮರಿಂದ ಕುಲುಮೆ ನಡೆಸಿದ. ಕೆಲಸ ಬರುತ್ತಿರಲಿಲ್ಲ ಎನ್ನುವುದು ಆ ಕಾಲದ ಬಿಳಿಯರು ಹುಟ್ಟಿಸಿದ ಮಾತು, ಇನ್ನೂ ಪುಸ್ತಕಗಳಲ್ಲಿ ಉಳಿದುಕೊಂಡಿದೆ.

ಯಂತ್ರ ತಿರುಗಿಸಲು ಬೇಕಾದ ನೀರಿನ ಬಲವೂ ನೆಪವಲ್ಲ. ದಕ್ಷಿಣದ ರಿಚ್ಮಂಡ್, ಅಗಸ್ಟಾ, ಕೊಲಂಬಸ್ ಊರುಗಳೆಲ್ಲ ನದಿಗಳು ಗುಡ್ಡದ ಸೀಮೆಯಿಂದ ಬಯಲಿಗೆ ಧುಮುಕುವ ಜಾಗದಲ್ಲೇ ಹುಟ್ಟಿದವು.

ಹಾಗಾದರೆ ಸಾಗಣೆ ಖರ್ಚು? ಇಲ್ಲಿ ಕಬ್ಬಿಗೂ ಹತ್ತಿಗೂ ಇರುವ ವ್ಯತ್ಯಾಸ ನೋಡಬೇಕು. ಕಬ್ಬನ್ನು ಕಡಿದ ಮೇಲೆ ಹೆಚ್ಚು ಹೊತ್ತು ಇಡುವಂತಿಲ್ಲ, ಸಕ್ಕರೆ ಇಳಿಯುತ್ತದೆ. ಮೇಲಾಗಿ ಕಬ್ಬಿನ ತೂಕದಲ್ಲಿ ಹತ್ತನೇ ಒಂದು ಪಾಲಷ್ಟೇ ಸಕ್ಕರೆ. ಹಾಗಾಗಿ ಕಾರ್ಖಾನೆ ಗದ್ದೆಯ ಬಳಿ ಬಂದೇ ಬರಬೇಕು. ಹತ್ತಿಯಲ್ಲಿ ತೂಕ ಕಳೆಯುವ ಹಂತ ಒಂದೇ, ಬೀಜ ಬಿಡಿಸುವುದು. ಸುಮಾರು 1,400 ಪೌಂಡ್ ಹತ್ತಿ ಬಿಡಿಸಿ ತಂದರೆ 400 ಪೌಂಡಿನಷ್ಟು ಅರಳೆ, ಉಳಿದದ್ದು ಬೀಜ, ಕಸ. ಆ ಕೆಲಸ ದಕ್ಷಿಣದ ತೋಟದಲ್ಲೇ ಮುಗಿಯುತ್ತಿತ್ತು. ಅರಳೆ ಒಮ್ಮೆ ಒತ್ತಿ ಕಟ್ಟಿ ಬೇಲಾಯಿತೆಂದರೆ ಮುಂದೆ ನೂಲಾಗಿ ಬಟ್ಟೆಯಾಗುವಾಗ ಹೆಚ್ಚೇನೂ ಕಳೆಯುವುದಿಲ್ಲ, ಇಟ್ಟರೆ ಕೆಡುವುದೂ ಇಲ್ಲ. ಬೇಲನ್ನು ಹಡಗಿಗೆ ಹಾಕಿ ಬಾಸ್ಟನ್ನಿಗೆ ಕಳಿಸಿದರೂ ಒಂದೇ, ಬಟ್ಟೆಯನ್ನು ಹಾಕಿ ಕಳಿಸಿದರೂ ಒಂದೇ. ಸಮುದ್ರದ ದಾರಿ ಅಗ್ಗ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಅಟ್ಲಾಂಟಿಕ್ ದಾಟಿಸಿ ಕಳಿಸಿದರೂ ಲಾಭ ಉಳಿಯುತ್ತಿತ್ತು. ಹೊಲದ ಪಕ್ಕದಲ್ಲಿ ಗಿರಣಿ ಹಾಕಿದವನಿಗೆ ನೀವೆಣಿಸುವಷ್ಟು ಉಳಿತಾಯವೇ ಇರಲಿಲ್ಲ.

ಬೀಜ ಬಿಡಿಸುವ ಯಂತ್ರದ ಬಳಿ ಸ್ವಲ್ಪ ನಿಲ್ಲೋಣ, ಎರಡು ಸೀಮೆಗಳ ದಾರಿ ಕವಲೊಡೆದದ್ದು ಅಲ್ಲೇ. ಕರಾವಳಿಯ ದ್ವೀಪಗಳಲ್ಲಿ ಬೆಳೆಯುತ್ತಿದ್ದ ಉದ್ದೆಳೆಯ ಹತ್ತಿಗೆ ನುಣುಪಾದ ಕಪ್ಪು ಬೀಜ, ಎರಡು ಉರುಳೆಗಳ ನಡುವೆ ಹಾಯಿಸಿದರೆ ಬೀಜ ಹಿಂದೆ ಉಳಿಯುತ್ತಿತ್ತು. ಒಳನಾಡಿನಲ್ಲಿ ಬೆಳೆಯಬಲ್ಲದ್ದು ಗಿಡ್ಡೆಳೆಯ ಹಸಿರು ಬೀಜದ ಹತ್ತಿ ಮಾತ್ರ. ಅದರ ಬೀಜದ ಮೇಲೆಲ್ಲ ಜೂಲು, ಅರಳೆ ಬಿಟ್ಟುಕೊಡುವುದಿಲ್ಲ. ಒಬ್ಬಾಳು ದಿನವಿಡೀ ಕೂತು ಬಿಡಿಸಿದರೂ ಒಂದು ಪೌಂಡ್ ಅರಳೆ. ಈ ಲೆಕ್ಕದಲ್ಲಿ ಆ ಬೆಳೆಯಿಂದ ಯಾರ ಮನೆಯೂ ನಡೆಯದು. 1793ರಲ್ಲಿ ಜಾರ್ಜಿಯಾದ ಸವಾನಾ ಬಳಿ, ಕ್ಯಾಥರೀನ್ ಗ್ರೀನ್ ಎಂಬಾಕೆಯ ತೋಟದಲ್ಲಿ ತಂಗಿದ್ದ ಉತ್ತರದ ತರುಣ ಎಲೈ ವಿಟ್ನಿ ಕಟ್ಟಿದ ಯಂತ್ರದಲ್ಲಿ ನಾಲ್ಕೇ ಅಂಗ. ಹತ್ತಿ ಸುರಿಯುವ ಡಬ್ಬಿ, ಬಾಗಿದ ತಂತಿಹಲ್ಲು ಸಾಲಾಗಿ ನೆಟ್ಟ ಮರದ ಉರುಳೆ, ಅದರ ಎದುರಿಗೆ ಬೀಜ ತೂರದಷ್ಟು ಸಣ್ಣ ಸೀಳುಗಳಿರುವ ತಡೆಹಲಗೆ, ಹಿಂದೆ ಕುಂಚದ ಉರುಳೆ. ಹಲ್ಲು ಸೀಳಿನೊಳಗೆ ನುಗ್ಗಿ ಅರಳೆ ಎಳೆದುಕೊಳ್ಳುತ್ತದೆ, ಬೀಜ ಈಚೆಗೇ ಉದುರುತ್ತದೆ. ಕುಂಚದ ಉರುಳೆ ಎದುರು ದಿಕ್ಕಿಗೆ, ಹೆಚ್ಚು ವೇಗದಲ್ಲಿ ತಿರುಗಿ ಹಲ್ಲಿನ ಅರಳೆ ಗುಡಿಸಿ ಹಾಕುತ್ತದೆ. ಕುಂಚವಿಲ್ಲದಿದ್ದರೆ ಅರಳೆ ಹಲ್ಲಿಗೇ ಸುತ್ತಿಕೊಂಡು ಕೆಲ ನಿಮಿಷದಲ್ಲೇ ಯಂತ್ರ ಕಚ್ಚಿ ನಿಲ್ಲುತ್ತಿತ್ತು. ಕೈಯಲ್ಲಿ ತಿರುಗಿಸಿದರೆ ದಿನಕ್ಕೆ 50 ಪೌಂಡ್ ಅರಳೆ. ಮೂರು ವರ್ಷದೊಳಗೆ ಹಾಡ್ಜನ್ ಹೋಮ್ಸ್ ಎಂಬವನು ತಂತಿಹಲ್ಲಿನ ಬದಲು ದುಂಡು ಗರಗಸದ ಬಿಲ್ಲೆಗಳನ್ನು ಕೂರಿಸಿದ. ಮುಂದೆ ಎಲ್ಲ ಕಡೆ ನಿಂತದ್ದು ಅದೇ ನಮೂನೆ.

ಈ ಯಂತ್ರಕ್ಕೆ ಅದರದೇ ಕಾಟಗಳು. ಹಸಿ ಹತ್ತಿ ಹಾಕಿದರೆ ಎಳೆ ಗಂಟುಗಂಟಾಗುತ್ತದೆ, ಅದಕ್ಕೇ ಮೊದಲು ಅಟ್ಟದ ಮೇಲೆ ಹರಡಿ ಬಿಸಿಲಿಗೆ ಒಣಗಿಸಬೇಕು. ಬೇಗ ಮುಗಿಯಲೆಂದು ವೇಗ ಹೆಚ್ಚಿಸಿದರೆ ಗರಗಸ ಎಳೆಯನ್ನೇ ಕತ್ತರಿಸುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ಸೀಳು ಸವೆದು ಅಗಲವಾದರೆ ಬೀಜ ನುಗ್ಗಿ ಒಡೆದು ಅರಳೆಗೆ ಕಲೆ. ಆದರೂ ಊರಿನ ಯಾವ ಕಮ್ಮಾರನೂ ಇದನ್ನು ಮಾಡಬಲ್ಲ. ವಿಟ್ನಿಗೆ ಮುಳುವಾದದ್ದು ಅದೇ. ಅವನೂ ಪಾಲುದಾರ ಫಿನಿಯಸ್ ಮಿಲ್ಲರನೂ ಯಂತ್ರ ಮಾರದೆ, ತಾವೇ ಬೀಜ ಬಿಡಿಸಿಕೊಟ್ಟು ಐದರಲ್ಲಿ ಎರಡು ಪಾಲು ಅರಳೆ ಕೂಲಿಯಾಗಿ ಕೇಳಿದರು. ಕೊಡುವವರು ಯಾರು? ಹಳ್ಳಿಹಳ್ಳಿಯಲ್ಲಿ ನಕಲು ಯಂತ್ರ ಎದ್ದವು. 1794ರ ಪೇಟೆಂಟಿಗಾಗಿ ಕೋರ್ಟು ಅಲೆದು ಗೆಲ್ಲುವ ಹೊತ್ತಿಗೆ ಅದರ ಅವಧಿಯೇ ಮುಗಿಯುತ್ತಾ ಬಂದಿತ್ತು. ವಿಟ್ನಿ ಅಷ್ಟರಲ್ಲಾಗಲೇ ಕನೆಕ್ಟಿಕಟ್‌ಗೆ ಮರಳಿ ಸರಕಾರಕ್ಕೆ 10,000 ಬಂದೂಕು ಮಾಡಿಕೊಡುವ ಗುತ್ತಿಗೆ ಹಿಡಿದಿದ್ದ.

ಮುಂದಿನದು ಅಂಕಿಯಲ್ಲೇ ಕಾಣುತ್ತದೆ. 1790ರಲ್ಲಿ ಅಮೆರಿಕದ ಹತ್ತಿ ಕೆಲವು ಸಾವಿರ ಬೇಲು. 1860ರಲ್ಲಿ 40 ಲಕ್ಷ ಬೇಲಿನ ಹತ್ತಿರ. ದೇಶದ ರಫ್ತಿನ ಅರ್ಧಕ್ಕಿಂತ ಹೆಚ್ಚು ಬೆಲೆ ಇದೊಂದರಿಂದಲೇ. ಅದೇ 70 ವರ್ಷಗಳಲ್ಲಿ ಗುಲಾಮರ ಸಂಖ್ಯೆ 7 ಲಕ್ಷದಿಂದ 39 ಲಕ್ಷ ದಾಟಿತು. ಬೀಜ ಬಿಡಿಸುವ ಶ್ರಮ ಇಳಿದದ್ದು ನಿಜ, ಆದರೆ ಗಿಡದಿಂದ ಹತ್ತಿ ಬಿಡಿಸುವುದಕ್ಕೆ ಯಂತ್ರ ಬರಲಿಲ್ಲ. ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಕೈಯಿಂದಲೇ ಬಿಡಿಸಬೇಕು. ಎಷ್ಟು ಎಕರೆ ಬಿತ್ತಬೇಕೆಂಬುದನ್ನು ನೆಲ ತೀರ್ಮಾನಿಸುತ್ತಿರಲಿಲ್ಲ, ಎಷ್ಟು ಕೈ ಇವೆ ಎಂಬುದು ತೀರ್ಮಾನಿಸುತ್ತಿತ್ತು. 1808ರಲ್ಲಿ ಆಫ್ರಿಕಾದಿಂದ ಗುಲಾಮರನ್ನು ತರುವುದು ನಿಷೇಧವಾದ ಮೇಲೆ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಹೊಸ ಹತ್ತಿ ಸೀಮೆಯಾದ ಅಲಬಾಮಾ, ಮಿಸಿಸಿಪಿಗೆ ಸುಮಾರು 10 ಲಕ್ಷ ಜನರನ್ನು ಒಂದೋ ಮಾರಿ ಇಲ್ಲವೇ ಮಾಲೀಕರೇ ಕರೆದೊಯ್ದು ಸಾಗಿಸಲಾಯಿತು, ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ. ಆ ನೆಲವೂ ಖಾಲಿ ಇದ್ದದ್ದಲ್ಲ. ಚೆರೊಕಿ, ಕ್ರೀಕ್, ಚಾಕ್ಟಾ, ಚಿಕಸಾ ಜನರನ್ನು 1830ರ ಕಾಯ್ದೆಯ ಬಲದಿಂದ ಎಬ್ಬಿಸಿ ತೆರವು ಮಾಡಿದ್ದು.

ಈಗ ಉತ್ತರದ ರಾಜ್ಯಗಳಿಗೆ ಬರೋಣ. ಅಲ್ಲಿ ಗಿರಣಿ ಎದ್ದದ್ದು ಶ್ರೀಮಂತ ನೆಲದಿಂದಲ್ಲ, ಬಡ ನೆಲದಿಂದ. ಕಲ್ಲು ತುಂಬಿದ ಹೊಲ, ಸಣ್ಣ ಹಿಡುವಳಿ, ದೀರ್ಘ ಚಳಿಗಾಲ. ಹಣವಿದ್ದದ್ದು ಹಡಗಿನ ವ್ಯಾಪಾರಿಗಳ ಕೈಯಲ್ಲಿ. ಇಂಗ್ಲೆಂಡ್ ಆಗ ನೂಲಿನ ಯಂತ್ರವಾಗಲಿ ಅದನ್ನು ಬಲ್ಲ ಕುಶಲಕರ್ಮಿಯಾಗಲಿ ದೇಶ ಬಿಡದಂತೆ ಕಾನೂನು ಮಾಡಿತ್ತು. ಡರ್ಬಿಶೈರಿನ ಗಿರಣಿಯಲ್ಲಿ ಪಳಗಿದ್ದ ಸ್ಯಾಮ್ಯುಯೆಲ್ ಸ್ಲೇಟರ್ 1789ರಲ್ಲಿ ಯಂತ್ರದ ಕಟ್ಟನ್ನೆಲ್ಲ ತಲೆಯಲ್ಲಿಟ್ಟುಕೊಂಡು ಹಡಗು ಹತ್ತಿದ. ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ಮೋಸೆಸ್ ಬ್ರೌನ್ ಎಂಬ ವ್ಯಾಪಾರಿ ಹಣ ಹಾಕಿದ. 1790ರ ಡಿಸೆಂಬರಿನಲ್ಲಿ 72 ಕದಿರುಗಳು ನೀರಿನ ಬಲದಿಂದ ತಿರುಗಿದವು. ತೊಡಕು ಬಂದದ್ದು ನೂಲುವಲ್ಲಿ ಅಲ್ಲ, ಹಿಂಜುವಲ್ಲಿ. ಹಿಂಜುವ ಉರುಳೆಯ ತಂತಿಹಲ್ಲುಗಳ ಬಾಗು ಸರಿಯಿಲ್ಲದೆ ಅರಳೆ ಹಾಸಾಗಿ ಬರದೆ ಉಂಡೆ ಕಟ್ಟಿತು. ಹಲ್ಲುಗಳನ್ನು ಮತ್ತೆ ಬಗ್ಗಿಸಿದ ಮೇಲೆ ಸರಿಹೋಯಿತು. ಯಂತ್ರ ನೋಡಿಕೊಂಡ ಮೊದಲ ತಂಡದಲ್ಲಿ 7ರಿಂದ 12 ವರ್ಷದ ಒಂಬತ್ತು ಮಕ್ಕಳು. ದಕ್ಷಿಣದ ಅರಳೆಯಲ್ಲಿ ಬೀಜ, ಕಸ ಜಾಸ್ತಿಯೆಂದು ಸ್ಲೇಟರ್ ಶುರುವಿನಲ್ಲಿ ಸುರಿನಾಮ್ ಕಡೆಯ ಹತ್ತಿಯನ್ನೇ ಬಯಸುತ್ತಿದ್ದ. ಗರಗಸದ ಜಿನ್ (ಬೀಜ ಬಿಡಿಸುವ ಯಂತ್ರ) ಬಂದಮೇಲೆ ಆ ತಕರಾರು ಹೋಯಿತು. ಇನ್ನೊಂದು ಮಾತು: ಮೋಸೆಸ್ ಬ್ರೌನ್ ಗುಲಾಮಗಿರಿಯ ಕಟ್ಟಾ ವಿರೋಧಿ. ಅವನ ಹಣದಿಂದ ನಿಂತ ಉದ್ಯಮವೇ ಗುಲಾಮರು ಬೆಳೆದ ಹತ್ತಿಗೆ ದೇಶೀ ಗಿರಾಕಿಯಾಯಿತು.

ಸ್ಲೇಟರನ ಗಿರಣಿಯಲ್ಲಿ ತಯಾರಾಗುತ್ತಿದ್ದದ್ದು ನೂಲು ಮಾತ್ರ. ನೇಯ್ಗೆ ಮನೆಮನೆಯ ಕೈಮಗ್ಗದ ಮೇಲೆ. 1807ರ ಡಿಸೆಂಬರಿನಲ್ಲಿ ಅಧ್ಯಕ್ಷ ಜೆಫರ್ಸನ್ನನ ಸರಕಾರ ವಿದೇಶ ವ್ಯಾಪಾರಕ್ಕೇ ಬೀಗ ಹಾಕಿತು, 1812ರಲ್ಲಿ ಇಂಗ್ಲೆಂಡಿನೊಡನೆ ಯುದ್ಧ. ಬಾಸ್ಟನ್ನಿನ ಹಡಗುಗಳು ಕಟ್ಟೆಗೆ ಕಟ್ಟಿಬಿದ್ದವು, ಹಣಕ್ಕೆ ಹೊಸ ದಾರಿ ಬೇಕಾಯಿತು. ಇಂಗ್ಲೆಂಡಿನ ಗಿರಣಿಗಳನ್ನು ಕಣ್ಣಾರೆ ನೋಡಿ ಬಂದಿದ್ದ ಫ್ರಾನ್ಸಿಸ್ ಕ್ಯಾಬಟ್ ಲೊವೆಲ್ ಎಂಬ ವ್ಯಾಪಾರಿ, ಪಾಲ್ ಮೂಡಿ ಎಂಬ ಯಂತ್ರಕುಶಲಿಯನ್ನು ಜೊತೆಗಿಟ್ಟುಕೊಂಡು 1814ರಲ್ಲಿ ಬಾಸ್ಟನ್ ಬಳಿಯ ವಾಲ್ಥಮ್‌ನಲ್ಲಿ ಯಂತ್ರಮಗ್ಗ ಓಡಿಸಿದ. ಅಲ್ಲಿಯ ಹೊಸತನ ಮಗ್ಗ ಒಂದೇ ಅಲ್ಲ. ಅರಳೆ ಒಳಗೆ ಹೋದರೆ ಬಟ್ಟೆಯೇ ಹೊರಗೆ ಬರಬೇಕು, ಎಲ್ಲ ಒಂದೇ ಕಟ್ಟಡದಲ್ಲಿ: ಕೆಳ ಅಂತಸ್ತಿನಲ್ಲಿ ಹಿಂಜುವುದು, ಅದರ ಮೇಲೆ ನೂಲುವುದು, ಇನ್ನೂ ಮೇಲೆ ನೇಯುವುದು. ಭಾರದ ಯಂತ್ರ ಕೆಳಗೆ, ನೀರಿನ ಚಕ್ರ ನೆಲಮಾಳಿಗೆಯಲ್ಲಿ. ನಯವಾದ ಬಟ್ಟೆಯಲ್ಲಿ ಇಂಗ್ಲಿಷರೊಡನೆ ಸೆಣಸುವ ಗೊಡವೆಗೇ ಹೋಗಲಿಲ್ಲ. 14ನೇ ನಂಬರಿನ ದಪ್ಪ ನೂಲು, ಬಿಳುಪು ಮಾಡದ ಒರಟು ಬಟ್ಟೆ, ಒಂದೇ ನಮೂನೆ. 1816ರಲ್ಲಿ ಗಜಕ್ಕೆ 30 ಸೆಂಟ್ ಇದ್ದ ಈ ಬಟ್ಟೆ 1829ಕ್ಕೆ ಎಂಟೂವರೆ ಸೆಂಟಿಗೆ ಇಳಿಯಿತು.

1817ರಲ್ಲಿ ಲೊವೆಲ್ ತೀರಿಕೊಂಡ. ಪಾಲುದಾರರು ಮೆರಿಮ್ಯಾಕ್ ನದಿ ಸುಮಾರು 30 ಅಡಿ ಇಳಿಯುವ ಕಡೆ ಜಾಗ ಹಿಡಿದು ಊರನ್ನೇ ಕಟ್ಟಿ ಅವನ ಹೆಸರಿಟ್ಟರು. ಅಲ್ಲಿ ನೀರನ್ನು ಅಳೆದು ಮಾರುತ್ತಿದ್ದ ಪರಿ ಕುತೂಹಲದ್ದು. ವಾಲ್ಥಮ್‌ನ ಎರಡನೆಯ ಗಿರಣಿಯ 3,584 ಕದಿರುಗಳನ್ನೂ ಅದಕ್ಕೆ ಬೇಕಾದ ಮಗ್ಗಗಳನ್ನೂ ಓಡಿಸಲು ಎಷ್ಟು ನೀರು ಬೇಕೋ ಅಷ್ಟು ಒಂದು ‘ಗಿರಣಿ ಬಲ’. 30 ಅಡಿ ಇಳಿತದಲ್ಲಿ ಸೆಕೆಂಡಿಗೆ 25 ಘನ ಅಡಿ. ಲೆಕ್ಕ ಹಾಕಿದರೆ 85 ಅಶ್ವಶಕ್ತಿ, ಚಕ್ರದ ನಷ್ಟ ಕಳೆದು ಕೈಗೆ ಸಿಗುವುದು 60ರ ಆಸುಪಾಸು. ಕಾಲುವೆ ಕಂಪನಿ ಜಾಗದ ಜೊತೆಗೆ ಇಂತಿಷ್ಟು ಗಿರಣಿ ಬಲ ಎಂದು ಬರೆದುಕೊಡುತ್ತಿತ್ತು, ಯಂತ್ರವನ್ನೂ ತನ್ನ ಕಾರ್ಖಾನೆಯಲ್ಲೇ ಮಾಡಿ ಮಾರುತ್ತಿತ್ತು. ಆ ಯಂತ್ರಶಾಲೆಯೇ ಮುಂದೆ ರೈಲು ಎಂಜಿನ್ ಮಾಡಿತು. ಬಟ್ಟೆಗಿಂತ ದೊಡ್ಡ ಫಲ ಇದು ಎನ್ನಬೇಕು. ಒಂದು ಗಿರಣಿ ಕೆಟ್ಟರೆ ಸರಿಮಾಡುವವರು, ಹಲ್ಲುಚಕ್ರ ಕಡೆಯುವವರು, ಹೊಸ ಎರಕ ಹೊಯ್ಯುವವರು ಐದು ಮೈಲಿಯೊಳಗೆ ಇದ್ದರು. ದಕ್ಷಿಣದಲ್ಲಿ ಗಿರಣಿ ಹಾಕಿದವರು ಯಂತ್ರವನ್ನೂ ಅದನ್ನು ಜೋಡಿಸುವವರನ್ನೂ ಸಾಮಾನ್ಯವಾಗಿ ಉತ್ತರದಿಂದಲೇ ತರಿಸಬೇಕಿತ್ತು. ಅಲಬಾಮಾದಲ್ಲಿ ಜಿನ್ ಕಾರ್ಖಾನೆ ಕಟ್ಟಿ ಊರಿಗೇ ತನ್ನ ಹೆಸರು ಬರುವಂತೆ ಮಾಡಿದ ಡೇನಿಯಲ್ ಪ್ರ್ಯಾಟ್ ಕೂಡ ಹುಟ್ಟಿನಿಂದ ನ್ಯೂ ಹ್ಯಾಂಪ್‌ಶೈರಿನವನು.

ಕೂಲಿಗೆ ಯಾರು? ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲಿ. ಉತ್ತರದ ಹೊಲದಲ್ಲಿ ಹುಲ್ಲು, ಗೋಧಿ, ದನ. ಉಳುವುದು, ಕೊಯ್ಯುವುದು ಗಂಡಾಳಿನ ಕೆಲಸ, ಹೆಣ್ಣುಮಕ್ಕಳಿಗೆ ಹೊಲದಲ್ಲಿ ಸಿಗುವ ಗಳಿಕೆ ತೀರಾ ಕಡಿಮೆ. ಹಾಗಾಗಿ ಸ್ವಲ್ಪ ಹೆಚ್ಚು ಕೂಲಿ ತೋರಿಸಿದರೂ 15ರಿಂದ 30ರೊಳಗಿನ ಹೆಣ್ಣುಮಕ್ಕಳು ಗಿರಣಿಗೆ ಬಂದರು. ಲೊವೆಲ್‌ನಲ್ಲಿ ಕಂಪನಿಯ ವಸತಿಮನೆ, ರಾತ್ರಿ ಹತ್ತಕ್ಕೆ ಬಾಗಿಲು ಬಂದ್. 1830ರ ದಶಕದಲ್ಲಿ ವಾರಕ್ಕೆ ಸುಮಾರು 3 ಡಾಲರ್ ಕೂಲಿ, ಅದರಲ್ಲಿ ಊಟ ವಸತಿಗೆ 1.25 ಡಾಲರ್ ಕಡಿತ. ವಾರಕ್ಕೆ 73 ಗಂಟೆ ದುಡಿತ. ಲಾಳಿ ಬದಲಿಸುವಾಗ ನೂಲನ್ನು ಲಾಳಿಯ ತೂತಿನಿಂದ ಬಾಯಲ್ಲಿ ಹೀರಿ ಎಳೆಯಬೇಕು, ನೂಲಿನ ಜೊತೆ ಧೂಳೂ ಒಳಗೆ ಹೋಗುತ್ತಿತ್ತು. 1834ರಲ್ಲಿ ಕೂಲಿ ಇಳಿಸಿದಾಗ, 1836ರಲ್ಲಿ ವಸತಿ ದರ ಏರಿಸಿದಾಗ ಈ ಹೆಣ್ಣುಮಕ್ಕಳೇ ಯಂತ್ರ ಬಿಟ್ಟು ಬೀದಿಗಿಳಿದರು. 1845ರಲ್ಲಿ ಸಾರಾ ಬ್ಯಾಗ್ಲಿಯ ಮುಂದಾಳುತನದಲ್ಲಿ ಹತ್ತು ಗಂಟೆಯ ದಿನಕ್ಕಾಗಿ ಶಾಸನಸಭೆಗೆ ಅರ್ಜಿ ಹಾಕಿದರು. ಆ ದಶಕದ ಕೊನೆಗೆ ಐರಿಷ್ ವಲಸಿಗರು ಬರತೊಡಗಿ ಅವರ ಜಾಗ ತುಂಬಿದರು.

ದಕ್ಷಿಣದಲ್ಲಿ ಇದಕ್ಕೆ ತದ್ವಿರುದ್ಧ. ಹತ್ತಿ ಬಿಡಿಸಲು ಹೆಂಗಸರ ಕೈ ಗಂಡಸರದಷ್ಟೇ ಚುರುಕು, ಹತ್ತು ವರ್ಷದ ಮಗುವೂ ಹೊಲದಲ್ಲಿ ‘ದುಡಿಯುವ ಕೈ’. ಗಿರಣಿಗೆ ಅಗ್ಗವಾಗಿ ಸಿಗಬೇಕಾಗಿದ್ದ ಆ ಕೈಗಳನ್ನೇ ಹತ್ತಿ ಹೊಲ ಹೆಚ್ಚು ಬೆಲೆಗೆ ಹಿಡಿದುಕೊಂಡಿತ್ತು.

ಅದಕ್ಕಿಂತ ಆಳದ ಕಾರಣ ಹಣ ಯಾವ ರೂಪದಲ್ಲಿ ಇತ್ತು ಎಂಬುದು. ಉತ್ತರದ ರೈತನ ಆಸ್ತಿ ಅವನ ನೆಲ. ನೆಲದ ಬೆಲೆ ಏರಬೇಕಾದರೆ ಅಲ್ಲಿಗೆ ರಸ್ತೆ ಬರಬೇಕು, ಶಾಲೆ ಬರಬೇಕು, ಪಕ್ಕದಲ್ಲಿ ಪೇಟೆ ಎದ್ದು ವಲಸಿಗರು ಬಂದು ನೆಲೆಸಬೇಕು. ಅದಕ್ಕೆ ಅವನು ತೆರಿಗೆ ಕೊಡಲೂ ತಯಾರು. 1825ರಲ್ಲಿ ಮುಗಿದ 363 ಮೈಲಿಯ ಈರಿ ಕಾಲುವೆಗೆ ನ್ಯೂಯಾರ್ಕ್ ರಾಜ್ಯ ಹಣ ಸುರಿದದ್ದು ಈ ಹುಮ್ಮಸ್ಸಿನಲ್ಲೇ. ಬಫಲೋದಿಂದ ನ್ಯೂಯಾರ್ಕಿಗೆ ಟನ್ನಿಗೆ 100 ಡಾಲರ್ ಇದ್ದ ಸಾಗಣೆ 10 ಡಾಲರಿಗಿಂತ ಕೆಳಗಿಳಿಯಿತು. ದಕ್ಷಿಣದ ತೋಟದೊಡೆಯನ ಆಸ್ತಿಯಲ್ಲಿ ದೊಡ್ಡ ಪಾಲು ಗುಲಾಮರು. ಅವರ ಬೆಲೆ ಊರು ಬೆಳೆದರೆ ಏರುವುದಿಲ್ಲ, ಲಿವರ್‌ಪೂಲಿನಲ್ಲಿ ಹತ್ತಿ ದರ ಏರಿದರೆ ಏರುತ್ತದೆ. ನೆಲ ಸವೆದರೆ ಜನರನ್ನು ಅಟ್ಟಿಕೊಂಡು ಮುಂದಿನ ರಾಜ್ಯಕ್ಕೆ ಹೋದರಾಯಿತು. ಹಾಗಿದ್ದಮೇಲೆ ಈ ಊರಿಗೆ ಸೇತುವೆ ಏಕೆ, ಶಾಲೆ ಏಕೆ? 1860ರ ಹೊತ್ತಿಗೆ ನ್ಯೂ ಆರ್ಲಿಯನ್ಸ್ ಸಂತೆಯಲ್ಲಿ ಹರೆಯದ ಗಂಡಾಳೊಬ್ಬನಿಗೆ 1,500 ಡಾಲರಿಗೂ ಮೇಲೆ. ಎಲ್ಲ ಗುಲಾಮರ ಬೆಲೆ ಕೂಡಿಸಿದರೆ 300 ಕೋಟಿ ಡಾಲರ್ ದಾಟುತ್ತಿತ್ತು. ದೇಶದ ರೈಲು ಮತ್ತು ಕಾರ್ಖಾನೆಗಳಲ್ಲಿ ತೊಡಗಿಸಿದ್ದ ಹಣವೆಲ್ಲ ಸೇರಿದರೂ ಅಷ್ಟಾಗದು. ಈ ಮನುಷ್ಯರನ್ನೇ ಅಡವಿಟ್ಟು ಸಾಲ ತರುತ್ತಿದ್ದರು. 1827ರಲ್ಲಿ ಹುಟ್ಟಿದ ಲೂಸಿಯಾನಾದ ತೋಟದೊಡೆಯರ ಬ್ಯಾಂಕೊಂದು ಇಂಥ ಅಡಮಾನದ ಮೇಲೆ ಬಾಂಡ್ ಹೊರಡಿಸಿ ಯುರೋಪಿನಲ್ಲಿ ಮಾರಿತು. ‘ದಕ್ಷಿಣದಲ್ಲಿ ಬಂಡವಾಳ ಇರಲಿಲ್ಲ’ ಎಂದು ಬರೆಯುವವರು ಇದನ್ನು ಮರೆಯುತ್ತಾರೆ. ಬಂಡವಾಳ ಧಾರಾಳವಾಗಿತ್ತು, ಅದಕ್ಕೆ ಕೈಕಾಲಿತ್ತು ಅಷ್ಟೆ.

ಹಾಗೆಂದು ದಕ್ಷಿಣದವರು ಪ್ರಯತ್ನವೇ ಪಡಲಿಲ್ಲ ಎಂದಲ್ಲ. ಯಾವಾಗ ಪಟ್ಟರು ನೋಡಿ. 1837ರ ಹಣಕಾಸಿನ ಮುಗ್ಗಟ್ಟಿನ ನಂತರ ಹತ್ತಿ ದರ ಬಿದ್ದು 1845ರ ಸುಮಾರಿಗೆ ಪೌಂಡಿಗೆ 5–6 ಸೆಂಟಿಗೆ ಬಂತು. ದಕ್ಷಿಣ ಕೆರೊಲೈನಾದಲ್ಲಿ ವಿಲಿಯಂ ಗ್ರೆಗ್ ಗ್ರ್ಯಾನೈಟ್‌ವಿಲ್ ಗಿರಣಿಗೆ ಅನುಮತಿ ಪಡೆದದ್ದು ಅದೇ ವರ್ಷ, ಅಗಸ್ಟಾದಲ್ಲಿ ಗಿರಣಿಗಳಿಗಾಗಿ ಕಾಲುವೆ ತೋಡಲು ಶುರುಮಾಡಿದ್ದೂ ಅದೇ ವರ್ಷ. ಗ್ರೆಗ್ ಕಲ್ಲಿನ ಕಟ್ಟಡ ಕಟ್ಟಿ, ಬಡ ಬಿಳಿಯರ ಸುಮಾರು 300 ಜನರನ್ನು ಕೆಲಸಕ್ಕಿಟ್ಟು, ಮನೆ, ಶಾಲೆ ಮಾಡಿಸಿ ಗಿರಣಿಯನ್ನು ಲಾಭಕ್ಕೆ ತಂದ. 1850ರ ದಶಕದಲ್ಲಿ ದರ ಮತ್ತೆ 10–11 ಸೆಂಟಿಗೆ ಏರಿತು. ಬೇರೆ ಗಿರಣಿಗಳು ಬಾಡಿಗೆಗೆ ತಂದಿದ್ದ ಗುಲಾಮರನ್ನು ಒಡೆಯರು ಹೊಲಕ್ಕೆ ಹಿಂದಕ್ಕೆ ಕರೆಸಿಕೊಂಡರು, ಗಿರಣಿ ಷೇರಿಗೆ ಹಣ ಹಾಕುವವರು ಕಡಿಮೆಯಾದರು. ಹತ್ತಿ ಬಿದ್ದಾಗ ಗಿರಣಿಯ ಮಾತು, ಹತ್ತಿ ಎದ್ದಾಗ ಮತ್ತೆ ಹತ್ತಿ. 1858ರಲ್ಲಿ ಸೆನೆಟರ್ ಜೇಮ್ಸ್ ಹ್ಯಾಮಂಡ್ ಸಂಸತ್ತಿನಲ್ಲಿ ನಿಂತು ‘ಹತ್ತಿಯೇ ರಾಜ’ ಎಂದು ಎದೆ ತಟ್ಟಿದ್ದು ಈ ಏರುಗಾಲದಲ್ಲಿ.

ಗಿರಾಕಿಗಳ ಮಾತು ಬೇಗ ಮುಗಿಸುತ್ತೇನೆ. ದಕ್ಷಿಣದಲ್ಲಿ ಪಟ್ಟಣವಾಸಿಗಳು ನೂರಕ್ಕೆ ಹತ್ತರಷ್ಟು. ಗುಲಾಮನಿಗೆ ವರ್ಷಕ್ಕೆ ಎರಡು ಜತೆ ಒರಟು ಬಟ್ಟೆ. ಆ ಬಟ್ಟೆ ಬರುತ್ತಿದ್ದದ್ದೂ ಉತ್ತರದಿಂದಲೇ. ರೋಡ್ ಐಲೆಂಡಿನ ಕೆಲವು ಗಿರಣಿಗಳು ಈ ‘ನೀಗ್ರೋ ಬಟ್ಟೆ’ಗೇ ಮೀಸಲು, ತೋಟಗಳಲ್ಲಿ ಒರಟು ಹತ್ತಿ ಬಟ್ಟೆಗೆ ‘ಲೊವೆಲ್’ ಎಂದೇ ಹೆಸರು. ತಾನೇ ಬಿಡಿಸಿದ ಹತ್ತಿ ಸಾವಿರ ಮೈಲಿ ಹೋಗಿ ಬಂದು ಬಿಡಿಸಿದವನ ಮೈಮೇಲೆ ಕೂರುತ್ತಿತ್ತು. ನಡುವೆ ಅಡತಿಯವರು. ನಮ್ಮ ಎಪಿಎಂಸಿ ದಲಾಲರನ್ನು ಬಲ್ಲವರಿಗೆ ಈ ಜನ ಹೊಸಬರಲ್ಲ. ಬೆಳೆ ಬರುವ ಮೊದಲೇ ಮುಂಗಡ, ಅದಕ್ಕೆ ಬಡ್ಡಿ, ಮಾರಿದ ಮೇಲೆ ಸಾಮಾನ್ಯವಾಗಿ ನೂರಕ್ಕೆ ಎರಡೂವರೆ ದಲಾಲಿ, ತೋಟಕ್ಕೆ ಬೇಕಾದ ಸಾಮಾನನ್ನೂ ಅವರೇ ಕೊಂಡು ಕಳಿಸಿ ಅದರ ಮೇಲೂ ದಲಾಲಿ. ಅಡತಿಯವರ ಹಿಂದೆ ನ್ಯೂಯಾರ್ಕಿನ ಹಡಗು, ವಿಮೆ, ಬ್ಯಾಂಕು. ಸೆನೆಟರ್ ಆಗುವ ಮೊದಲೇ, 1848ರಲ್ಲಿ, ಚಾರ್ಲ್ಸ್ ಸಮ್ನರ್ ಇದನ್ನು ಚಾವಟಿಯ ದೊರೆಗಳಿಗೂ ಮಗ್ಗದ ದೊರೆಗಳಿಗೂ ನಡುವಿನ ಅಪವಿತ್ರ ಕೂಟ ಎಂದು ಕರೆದ. ಉತ್ತರ ದುಡಿದು ಬೆಳೆಯಿತು, ದಕ್ಷಿಣ ಮಲಗಿತ್ತು ಎನ್ನುವ ಸರಳ ಕಥೆಗೆ ಈ ಖಾತೆಪುಸ್ತಕಗಳೇ ಅಡ್ಡಿ.

ಸುಂಕದ ಜಗಳಕ್ಕೂ ಇಲ್ಲೇ ಬೇರು. 1816ರ ಸುಂಕ ಕಾಯ್ದೆ ಹತ್ತಿ ಬಟ್ಟೆಗೆ ನೂರಕ್ಕೆ 25 ಸುಂಕ ಹಾಕಿತು. ಅದರಲ್ಲೊಂದು ಜಾಣ್ಮೆ ಇತ್ತು. ಗಜಕ್ಕೆ 25 ಸೆಂಟಿಗಿಂತ ಅಗ್ಗದ ಬಟ್ಟೆಯನ್ನೂ 25 ಸೆಂಟಿನದೆಂದೇ ಲೆಕ್ಕ ಹಿಡಿಯುವುದು. ಅಂದರೆ ಯಾವ ಬಟ್ಟೆಗಾದರೂ ಗಜಕ್ಕೆ ಕನಿಷ್ಠ ಆರೂಕಾಲು ಸೆಂಟ್ ಸುಂಕ. 10 ಸೆಂಟಿನ ಬಟ್ಟೆಯಾದರೆ ನೂರಕ್ಕೆ 62ಕ್ಕೂ ಮೇಲೆ ಬಿತ್ತು. ಹೊಡೆತ ತಿಂದದ್ದು ಕಲ್ಕತ್ತಾದಿಂದ ಬಾಸ್ಟನ್, ಸೇಲಮ್ ಬಂದರುಗಳಿಗೆ ಹೋಗುತ್ತಿದ್ದ ಭಾರತದ ಅಗ್ಗದ ಬಟ್ಟೆ. ಈ ಕಲಮಿಗಾಗಿ ರಾಜಧಾನಿಯಲ್ಲಿ ಓಡಾಡಿದವನು ಲೊವೆಲ್. ಆಗ ದಕ್ಷಿಣ ಕೆರೊಲೈನಾದ ಜಾನ್ ಕ್ಯಾಲ್ಹೂನ್ ಕೂಡ ಸುಂಕದ ಪರ ಮಾತಾಡಿದ್ದ. ದಕ್ಷಿಣದಲ್ಲೂ ಗಿರಣಿ ಬರಬಹುದೆಂಬ ಆಸೆ ಇನ್ನೂ ಇದ್ದ ಕಾಲ ಅದು. 1828ರಲ್ಲಿ ಸುಂಕ ಇನ್ನೂ ಏರಿದಾಗ ಅದೇ ಕ್ಯಾಲ್ಹೂನ್ ವಿರೋಧದ ಮುಂಚೂಣಿಯಲ್ಲಿದ್ದ. 1832ರಲ್ಲಿ ಆ ರಾಜ್ಯ ಒಕ್ಕೂಟದ ಸುಂಕ ತನ್ನಲ್ಲಿ ನಡೆಯದು ಎಂದೇ ಘೋಷಿಸಿತು, ಮರುವರ್ಷ ರಾಜಿಯಾಯಿತು. ಆ 16 ವರ್ಷಗಳಲ್ಲಿ ಎರಡು ಸೀಮೆಗಳ ಹಿತ ಎಷ್ಟು ದೂರ ಸರಿದಿತ್ತು ಎಂಬುದಕ್ಕೆ ಆ ಒಬ್ಬ ಮನುಷ್ಯನ ತಿರುವು ಸಾಕು.

1860ರ ಹೊತ್ತಿಗೆ ದೇಶದಲ್ಲಿದ್ದ ಸುಮಾರು 52 ಲಕ್ಷ ಕದಿರುಗಳಲ್ಲಿ 38 ಲಕ್ಷ ನ್ಯೂ ಇಂಗ್ಲೆಂಡಿನಲ್ಲಿ (ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಸೇರಿದ ಈಶಾನ್ಯದ ರಾಜ್ಯಗಳು), ದಕ್ಷಿಣದಲ್ಲಿ 3 ಲಕ್ಷದ ಚಿಲ್ಲರೆ. 30,000 ಮೈಲಿ ರೈಲುದಾರಿಯಲ್ಲಿ ದಕ್ಷಿಣದ ಪಾಲು ಮೂರನೇ ಒಂದರೊಳಗೆ, ಅದರಲ್ಲೂ ಹೆಚ್ಚಿನವು ಹತ್ತಿ ಸೀಮೆಯಿಂದ ಬಂದರಿಗೆ ಓಡುವವು, ಊರು ಊರು ಬೆಸೆಯುವವಲ್ಲ.

ಹವೆ, ನೀರು, ಜನರ ಸ್ವಭಾವ ಕಾರಣವಲ್ಲ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ನಂತರದ್ದು. ಉತ್ತರ, ದಕ್ಷಿಣಗಳ ನಡುವೆ ಅಂತರ್ಯುದ್ಧ ನಡೆದು 1865ರಲ್ಲಿ ಗುಲಾಮಗಿರಿ ಹೋಯಿತು, 300 ಕೋಟಿಯ ಆ ಆಸ್ತಿ ಕಾಗದದಿಂದ ಅಳಿಸಿಹೋಯಿತು. ಶ್ರೀಮಂತರ ಕೈಯಲ್ಲಿ ಉಳಿದದ್ದು ನೆಲ ಮಾತ್ರ. 1880ರ ದಶಕದಿಂದ ಕೆರೊಲೈನಾಗಳ ಗುಡ್ಡಗಾಡಿನ ಸಣ್ಣ ಸಣ್ಣ ಪೇಟೆಗಳು ಚಂದಾ ಎತ್ತಿ ಗಿರಣಿ ಕಟ್ಟತೊಡಗಿದವು, ಕೂಲಿಗೆ ಬಡ ಬಿಳಿಯರ ಹೆಂಗಸರು, ಮಕ್ಕಳು. 1920ರ ದಶಕದಲ್ಲಿ ದಕ್ಷಿಣ ನ್ಯೂ ಇಂಗ್ಲೆಂಡನ್ನು ಹಿಂದೆ ಹಾಕಿತು. ಅದೇ ನದಿ, ಅದೇ ಸೆಕೆ, ಅದೇ ಹತ್ತಿ. ಹೊಸ ಗಿರಣಿಗಳಲ್ಲಿ ಯಂತ್ರದ ಕೆಲಸವನ್ನು ಬಿಳಿಯರಿಗೆ ಕಾದಿಟ್ಟು, ಹಿಂದೆ ಗುಲಾಮರಾಗಿದ್ದವರ ಮಕ್ಕಳಿಗೆ ಬೇಲು ಹೊರುವ, ಅಂಗಳ ಗುಡಿಸುವ ಕೆಲಸವನ್ನಷ್ಟೇ ಬಿಟ್ಟರು. ಅವರಿಗೆ ಯಂತ್ರ ಬಾರದು ಎಂಬ ಮಾತಿಗೆ ಎರಡನೆಯ ಜೀವ ಬಂದದ್ದು ಆಗ.

ಇನ್ನು ಧಾರವಾಡ. ನಂಟು ನಿಜ, ಅದೂ ಆ ಅಂತರ್ಯುದ್ಧಕ್ಕಿಂತ ಇಪ್ಪತ್ತು ವರ್ಷ ಮೊದಲಿನದು. ಅಮೆರಿಕದ ಹತ್ತಿಯೊಂದನ್ನೇ ನಂಬಿ ಕೂರುವುದು ಇಂಗ್ಲೆಂಡಿನ ಬಟ್ಟೆ ಗಿರಣಿಗಳ ಸೀಮೆಯಾದ ಲ್ಯಾಂಕಶೈರಿಗೆ ಅಪಾಯವೆಂದು 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ತೋಟಗಾರರನ್ನು, ನ್ಯೂ ಆರ್ಲಿಯನ್ಸ್ ಬೀಜವನ್ನು, ಗರಗಸದ ಜಿನ್‌ಗಳನ್ನು ಭಾರತಕ್ಕೆ ತರಿಸಿತು. ಹಲವು ಕಡೆ ಪ್ರಯೋಗ ಮಣ್ಣುಪಾಲಾಯಿತು. ಕಲೆಕ್ಟರ್ ಶಾ ಆಸ್ಥೆ ವಹಿಸಿದ ಧಾರವಾಡ ಸೀಮೆಯಲ್ಲಿ ಬೀಜ ನೆಲೆ ಹಿಡಿಯಿತು, ‘ಧಾರವಾಡ್ ಅಮೆರಿಕನ್’ ಎಂಬ ಹೆಸರಿನಲ್ಲಿ ಪೇಟೆಗೆ ಹೋಯಿತು. ರೈತರ ಬಾಯಲ್ಲಿ ಅದು ವಿಲಾಯತಿ ಹತ್ತಿ, ತಮ್ಮದು ಜವಾರಿ ಹತ್ತಿ. ಜವಾರಿ ಹತ್ತಿ ಹಡಗು ಹತ್ತುತ್ತಿದ್ದ ಬಂದರಿನಿಂದಾಗಿ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿ ಎನ್ನುತ್ತಿದ್ದರು. 1861ರಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದ ಮೇಲೆ ಎರಡಕ್ಕೂ ಕೇಳರಿಯದ ದರ ಬಂತು. ಮ್ಯಾಂಚೆಸ್ಟರಿನವರ ಒತ್ತಾಯಕ್ಕೆ ಕಾರವಾರವನ್ನು ಹತ್ತಿ ಬಂದರಾಗಿ ಬೆಳೆಸುವ ಓಡಾಟ ಶುರುವಾದದ್ದೂ ಆಗಲೇ.

ದರದ ಹಿಂದೆಯೇ ಬೆರಕೆಯೂ ಬಂತು. ವಿಲಾಯತಿ ಅರಳೆಗೆ ಜವಾರಿ ಸೇರಿಸುವುದು, ತೂಕಕ್ಕೆ ಬೀಜ, ಮಣ್ಣು, ನೀರು ಹಾಕುವುದು. 1863ರಲ್ಲಿ ಮುಂಬಯಿ ಸರಕಾರ ಹತ್ತಿ ಬೆರಕೆಯ ವಿರುದ್ಧ ಕಾನೂನನ್ನೇ ತಂದಿತು. ಜವಾರಿ ಹತ್ತಿಯನ್ನು ಗರಗಸದ ಜಿನ್‌ಗೆ ಹಾಕಿದರೆ ಎಳೆ ಕತ್ತರಿಸಿ ಹಾಳಾಗುತ್ತಿತ್ತು, ಆ ಯಂತ್ರ ವಿಲಾಯತಿ ಹತ್ತಿಗೇ ಹೇಳಿ ಮಾಡಿಸಿದ್ದು. ಹಾಗಾಗಿ ಜಿನ್ ಬಂದ ಎಷ್ಟೋ ವರ್ಷದವರೆಗೂ ಧಾರವಾಡದ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಅಂಗಾಲಿನಿಂದ ಉರುಳಿಸುತ್ತ ಜವಾರಿಯ ಬೀಜ ಬಿಡಿಸುತ್ತಿದ್ದರು.